‘ಬರಲಿಕ್ಕಿಲ್ಲ’ ಎಂಬುದನ್ನು ಇಂಗ್ಲಿಷಿನಲ್ಲಿ ಓದುವ ಬಗೆ

ವ್ಯಾಪಾರಿಗಳಿಗಾಗಿ ಭಾಷಾ ಪಾಠ

ವ್ಯಾಪಾರವು ನಾಳೆಯನ್ನು ನಂಬಿ ನಡೆಯುವ ಉದ್ಯೋಗ. ಇಂದು ಕೊಂಡ ಮಾಲಿಗೆ ನಾಳೆ ದರ ಸಿಕ್ಕೀತೇ, ಇಂದು ಕೊಟ್ಟ ಉದ್ರಿ ನಾಳೆ ವಸೂಲಾದೀತೇ, ರಾತ್ರಿ ಹೊರಟ ಲಾರಿ ಬೆಳಗಿನ ಸವಾಲಿಗೆ ಮುಟ್ಟೀತೇ ಎಂಬ ಲೆಕ್ಕದಲ್ಲಿಯೇ ನಮ್ಮ ದಿನಗಳು ಕಳೆಯುತ್ತವೆ. ಹೀಗಿರುವಾಗ ‘ಆಗುತ್ತದೆ’ ಎಂಬ ಸುದ್ದಿಗಿಂತ ‘ಆಗುವುದಿಲ್ಲ’ ಎಂಬ ಸುದ್ದಿಯೇ ವ್ಯಾಪಾರಿಗೆ ಮೊದಲು ತಿಳಿಯಬೇಕು. ಆಗುವ ಕೆಲಸ ಹೇಗೂ ಆಗುತ್ತದೆ. ಆಗದ ಕೆಲಸಕ್ಕೆ ಮೊದಲೇ ಬೇರೆ ದಾರಿ ಹುಡುಕಬೇಕಾಗುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಪೇಟೆಗಳ ವ್ಯವಹಾರವು ಇಂದು ಕನ್ನಡ, ಮರಾಠಿ, ಹಿಂದಿಗಳಲ್ಲಿ ಮುಗಿಯುವುದಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಂಡಿಯ ಲಿಂಬೆಯು 2025ರಲ್ಲಿ ಅಪೇಡಾ ಸಂಸ್ಥೆಯ ನೆರವಿನಿಂದ ಸಂಯುಕ್ತ ಅರಬ್ ಸಂಸ್ಥಾನಕ್ಕೂ ಬ್ರಿಟನ್ನಿಗೂ ಹೋಯಿತು. ತೊಗರಿ, ಹತ್ತಿ, ಒಣದ್ರಾಕ್ಷಿಗಳ ವ್ಯವಹಾರದಲ್ಲಿ ದೊಡ್ಡ ಖರೀದಿದಾರರ ಪತ್ರಗಳು ಇಂಗ್ಲಿಷಿನಲ್ಲಿಯೇ ಬರುತ್ತವೆ. ಯಂತ್ರದ ಬಿಡಿಭಾಗ ತರಿಸುವ ಸಣ್ಣ ತಯಾರಕನಿಗೂ ಇದೇ ಅನುಭವ. ಈ ಪತ್ರಗಳಲ್ಲಿ ಒಳ್ಳೆಯ ಸುದ್ದಿ ನೇರವಾಗಿರುತ್ತದೆ. ಕೆಟ್ಟ ಸುದ್ದಿ ಮಾತ್ರ ಸುತ್ತಿ ಬಳಸಿ ಬರುತ್ತದೆ. ಅದನ್ನು ಬಿಡಿಸಿ ಓದುವ ಕ್ರಮವೇ ಈ ಪಾಠದ ವಿಷಯ. ಓದುಗರ ಅನುಕೂಲಕ್ಕಾಗಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ.

ಒಂದು ಸಂದರ್ಭ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿರಿ. ಇಂಡಿಯ ವ್ಯಾಪಾರಿಯೊಬ್ಬರು ಮುಂಬಯಿಯ ರಫ್ತುದಾರನಿಗೆ ಲಿಂಬೆ ಕಳಿಸಬೇಕಾಗಿದೆ. ಗುರುವಾರ ಸಾಯಂಕಾಲ ಅಲ್ಲಿಂದ ಒಂದು ಸಾಲಿನ ಸಂದೇಶ ಬರುತ್ತದೆ: ‘ಐ ಡೋಂಟ್ ಥಿಂಕ್ ದಿ ಕಂಟೇನರ್ ವಿಲ್ ಬಿ ರೆಡಿ ಬೈ ಫ್ರೈಡೇ.’ ಅಂಗಡಿಯಲ್ಲಿ ಕುಳಿತ ಹುಡುಗ ಅದನ್ನು ಪದಕ್ಕೆ ಪದವಿಟ್ಟು ಓದುತ್ತಾನೆ. ‘ಥಿಂಕ್’ ಎಂದರೆ ವಿಚಾರ ಮಾಡುವುದು, ‘ಡೋಂಟ್ ಥಿಂಕ್’ ಎಂದರೆ ವಿಚಾರ ಮಾಡಿಲ್ಲ. ‘ವಿಲ್ ಬಿ ರೆಡಿ’ ಎಂದರೆ ಸಿದ್ಧವಾಗುತ್ತದೆ. ‘ಕಂಟೇನರ್ ಶುಕ್ರವಾರಕ್ಕೆ ಸಿದ್ಧವಾಗುತ್ತದಂತೆ, ಅವರು ಇನ್ನೂ ಅದರ ಬಗ್ಗೆ ವಿಚಾರ ಮಾಡಿಲ್ಲವಂತೆ’ ಎಂದು ಹೇಳಿ ಲಾರಿಗೆ ಮಾಲು ಹೇರಿಸುತ್ತಾನೆ. ಲಾರಿ ಮುಂಬಯಿ ಸೇರಿದ ಮೇಲೆ ಕಂಟೇನರ್ ಇಲ್ಲ. ಲಿಂಬೆ ಯಾರಿಗಾಗಿಯೂ ಕಾಯುವ ಮಾಲಲ್ಲ. ಲಾರಿ ನಿಂತ ಬಾಡಿಗೆ, ಕೆಟ್ಟ ಕಾಯಿ, ಹೋದ ಮಾತು, ಎಲ್ಲವೂ ಒಂದು ವಾಕ್ಯದ ಲೆಕ್ಕಕ್ಕೆ ಬೀಳುತ್ತವೆ.

ಆ ವಾಕ್ಯದ ಸರಿಯಾದ ಅರ್ಥ ಇಷ್ಟೇ: ‘ಕಂಟೇನರ್ ಶುಕ್ರವಾರಕ್ಕೆ ಸಿದ್ಧವಾಗಲಿಕ್ಕಿಲ್ಲ.’ ನಮ್ಮ ಭಾಗದಲ್ಲಿ ಅಕ್ಷರ ಬಾರದವರ ಬಾಯಲ್ಲಿಯೂ ಇರುವ ಕ್ರಿಯಾರೂಪವಿದು.

ಮೊದಲು ನಮ್ಮ ಅಳತೆಗೋಲು

ಇಂಗ್ಲಿಷಿಗೆ ಹೋಗುವ ಮೊದಲು ನಮ್ಮ ಭಾಷೆಯಲ್ಲಿ ಏನಿದೆ ಎಂಬುದನ್ನು ನೋಡೋಣ. ಕನ್ನಡವು ನಿಷೇಧವನ್ನು ಕ್ರಿಯಾಪದದಲ್ಲಿಯೇ ಅಡಗಿಸಬಲ್ಲ ಭಾಷೆ. ‘ಅರಿಯೆ’, ‘ಒಲ್ಲೆ’, ‘ಬಾರದು’ ಎಂಬ ರೂಪಗಳಲ್ಲಿ ‘ಇಲ್ಲ’ ಎಂಬ ಪದವೇ ಇಲ್ಲ. ಆದರೂ ಅರ್ಥ ನಿಷೇಧದ್ದೇ. ಹಳೆಯ ಕನ್ನಡದ ಈ ನಿಷೇಧ ರೂಪಕ್ಕೆ ಕಾಲಭೇದವೂ ಇರಲಿಲ್ಲ. ನಿನ್ನೆ, ಇಂದು, ನಾಳೆ ಮೂರಕ್ಕೂ ಒಂದೇ ರೂಪ ನಡೆಯುತ್ತಿತ್ತು. ಕಾಲವನ್ನು ಸಂದರ್ಭವೇ ತಿಳಿಸುತ್ತಿತ್ತು. ಈಗಿನ ಕನ್ನಡದಲ್ಲಿ, ಅದರಲ್ಲಿಯೂ ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿ, ನಾಳೆಯ ಬಗ್ಗೆ ‘ಇಲ್ಲ’ ಎನ್ನಲು ಕೆಳಗಿನ ಐದು ರೂಪಗಳಿವೆ.

1. ಬರುವುದಿಲ್ಲ: ಖಚಿತವಾದ ಮಾತು. ಹೇಳುವವನಿಗೆ ಸಂಶಯವಿಲ್ಲ.

2. ಬರಲಿಕ್ಕಿಲ್ಲ: ಬಹುಶಃ ಬರುವುದಿಲ್ಲ. ತಕ್ಕಡಿ ‘ಇಲ್ಲ’ದ ಕಡೆಗೆ ವಾಲಿದೆ, ಆದರೆ ನೆಲ ಮುಟ್ಟಿಲ್ಲ.

3. ಬರದೇ ಹೋದೀತು, ಬರದಿರಬಹುದು: ಎರಡೂ ಸಾಧ್ಯ. ತಕ್ಕಡಿ ಸಮವಾಗಿದೆ, ಎಚ್ಚರದಿಂದಿರಿ ಎಂದರ್ಥ.

4. ಬರಲಾರನು, ಕೊಡಲಾರನು: ಮನಸ್ಸಿದ್ದರೂ ಶಕ್ತಿಯಿಲ್ಲ, ಅನುಕೂಲವಿಲ್ಲ.

5. ಬರಲೊಲ್ಲನು, ಕೊಡಲೊಲ್ಲನು: ಶಕ್ತಿಯಿದ್ದರೂ ಮನಸ್ಸಿಲ್ಲ. ಆಡುಮಾತಿನಲ್ಲಿ ‘ಬರವಲ್ಲ’, ‘ಕೊಡವಲ್ಲ’.

ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತವರಿಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ. ‘ಅವ ರೊಕ್ಕ ಕೊಡಲಾರ’ ಎಂದರೆ ಒಂದು ಬಗೆಯ ವಸೂಲಿ, ‘ಅವ ರೊಕ್ಕ ಕೊಡವಲ್ಲ’ ಎಂದರೆ ಇನ್ನೊಂದು ಬಗೆಯ ವಸೂಲಿ. ಮೊದಲನೆಯವನಿಗೆ ಕಂತು ಮಾಡಿಕೊಡಬಹುದು. ಎರಡನೆಯವನಿಗೆ ಪಂಚರನ್ನು ಕೂಡಿಸಬೇಕಾದೀತು. ಇಂಗ್ಲಿಷ್ ಪತ್ರ ಬಂದಾಗ ಮಾಡಬೇಕಾದ ಕೆಲಸವೆಂದರೆ, ಅದರ ವಾಕ್ಯವು ಈ ಐದು ರೂಪಗಳಲ್ಲಿ ಯಾವುದಕ್ಕೆ ಸರಿಹೊಂದುತ್ತದೆಂದು ತೂಗಿ ನೋಡುವುದು. ಪದಗಳನ್ನು ಒಂದೊಂದಾಗಿ ಅನುವಾದಿಸುವುದರಿಂದ ಈ ತೂಕ ಸಿಗುವುದಿಲ್ಲ.

‘ವಿಲ್ ನಾಟ್’ ಮತ್ತು ‘ವೋಂಟ್’

ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲಕ್ಕೆ ಪ್ರತ್ಯೇಕವಾದ ಕ್ರಿಯಾರೂಪವಿಲ್ಲ. ‘ವಿಲ್’ ಎಂಬ ಸಹಾಯಕ ಪದದಿಂದ ಆ ಕೆಲಸ ನಡೆಯುತ್ತದೆ. ಈ ‘ವಿಲ್’ ಹಳೆಯ ಇಂಗ್ಲಿಷಿನಲ್ಲಿ ‘ಬಯಸು’, ‘ಮನಸ್ಸು ಮಾಡು’ ಎಂಬ ಅರ್ಥದ ಕ್ರಿಯಾಪದವಾಗಿತ್ತು. ‘ವಿಲ್ ನಾಟ್’ ಎಂಬುದರ ಕುಗ್ಗಿದ ರೂಪವಾದ ‘ವೋಂಟ್’ನಲ್ಲಿ ಆ ಹಳೆಯ ಅರ್ಥ ಇಂದಿಗೂ ಉಳಿದಿದೆ. ಆದ್ದರಿಂದ ‘ದಿ ಬಾಯರ್ ವೋಂಟ್ ಪೇ’ ಎಂಬ ವಾಕ್ಯಕ್ಕೆ ‘ಖರೀದಿದಾರ ಹಣ ಕೊಡುವುದಿಲ್ಲ’ ಎಂಬ ಮುನ್ಸೂಚನೆಯ ಅರ್ಥವೂ ಇದೆ, ‘ಖರೀದಿದಾರ ಕೊಡಲೊಲ್ಲ’ ಎಂಬ ನಿರಾಕರಣೆಯ ಅರ್ಥವೂ ಇದೆ.

ನಮ್ಮ ‘ಒಲ್ಲೆ’ಯೂ ಇಂಥದೇ. ಅದು ‘ಒಲ್’, ಅಂದರೆ ಮನಸ್ಸು ಮಾಡು, ಸಮ್ಮತಿಸು ಎಂಬ ಧಾತುವಿನಿಂದ ಬಂದುದು. ಆಡುವವರು ಇದನ್ನು ನಿರ್ಜೀವ ವಸ್ತುಗಳಿಗೂ ಹಚ್ಚುತ್ತಾರೆ. ಹೊಲದಲ್ಲಿ ಪಂಪು ಕೆಟ್ಟರೆ ‘ಮೋಟಾರ ಚಾಲೂ ಆಗವಲ್ದು’ ಎನ್ನುತ್ತೇವೆ. ಇಂಗ್ಲಿಷಿನವನು ಅದನ್ನೇ ‘ದಿ ಮೋಟಾರ್ ವೋಂಟ್ ಸ್ಟಾರ್ಟ್’ ಎನ್ನುತ್ತಾನೆ. ಎರಡರಲ್ಲಿಯೂ ಮೋಟಾರಿಗೆ ಮನಸ್ಸಿಲ್ಲವೆಂಬ ಭಾವ. ಎರಡೂ ಈಗಿನ ಸ್ಥಿತಿಯನ್ನು ಹೇಳುತ್ತವೆ. ಹಾಗಾಗಿ ಯಂತ್ರದ ದುರಸ್ತಿಯ ಪತ್ರದಲ್ಲಿ ‘ವೋಂಟ್’ ಕಂಡು ಜೊತೆಗೆ ದಿನಾಂಕವಿಲ್ಲದಿದ್ದರೆ, ಅದನ್ನು ನಾಳೆಯ ಮಾತೆಂದು ತಿಳಿಯದೆ ಇಂದಿನ ತೊಂದರೆಯೆಂದು ತಿಳಿಯಬೇಕು. ದಿನಾಂಕವಿದ್ದರೆ ಅದು ಮುನ್ಸೂಚನೆ: ‘ದಿ ಮೋಟಾರ್ ವೋಂಟ್ ಬಿ ರೆಡಿ ಟುಮಾರೋ’, ಅಂದರೆ ಮೋಟಾರ್ ನಾಳೆ ಸಿದ್ಧವಾಗುವುದಿಲ್ಲ.

ಫೋನಿನಲ್ಲಿ ಮಾತನಾಡುವಾಗ ಇನ್ನೊಂದು ಎಚ್ಚರ ಬೇಕು. ‘ವೋಂಟ್’ ಎಂದರೆ ಇಲ್ಲ, ‘ವಾಂಟ್’ ಎಂದರೆ ಬೇಕು. ಲಾರಿಗಳ ಸದ್ದಿನಲ್ಲಿ ಎರಡೂ ಒಂದೇ ಆಗಿ ಕೇಳಿಸುತ್ತವೆ. ಆದ್ದರಿಂದ ನೀವು ಹೇಳುವಾಗ ‘ವಿಲ್ ನಾಟ್’ ಎಂದು ಬಿಡಿಸಿ ಹೇಳಿರಿ. ಕೇಳುವಾಗ ಸಂಶಯ ಬಂದರೆ ‘ಯೆಸ್ ಆರ್ ನೋ?’ ಎಂದು ಕೇಳಿ ಖಚಿತಪಡಿಸಿಕೊಳ್ಳಿರಿ.

ಮುಂದಕ್ಕೆ ಸರಿದ ‘ಇಲ್ಲ’

ಈಗ ಮೊದಲಿನ ವಾಕ್ಯಕ್ಕೆ ಮರಳೋಣ. ‘ಕಂಟೇನರ್ ಸಿದ್ಧವಾಗುವುದಿಲ್ಲ ಎಂದು ನನಗೆ ಅನಿಸುತ್ತದೆ’ ಎಂಬುದು ಅಲ್ಲಿಯ ಅರ್ಥ. ತರ್ಕದ ಪ್ರಕಾರ ‘ನಾಟ್’ ಎಂಬುದು ಕಂಟೇನರಿನ ಜೊತೆಗಿರಬೇಕಿತ್ತು. ಇಂಗ್ಲಿಷಿನವರು ಅದನ್ನು ಎತ್ತಿ ‘ಥಿಂಕ್’ ಎಂಬುದರ ಜೊತೆಗೆ ಇಡುತ್ತಾರೆ. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಒಟ್ಟೊ ಯೆಸ್ಪರ್ಸನ್ ಅವರು 1917ರಲ್ಲಿ ಪ್ರಕಟಿಸಿದ ನಿಷೇಧವನ್ನು ಕುರಿತ ಗ್ರಂಥದಲ್ಲಿಯೇ ಈ ರೂಢಿಯನ್ನು ಗುರುತಿಸಿದ್ದಾರೆ. ಕನ್ನಡದಲ್ಲಿಯೂ ‘ಅವರು ಬರುತ್ತಾರೆಂದು ನನಗೆ ಅನಿಸುವುದಿಲ್ಲ’ ಎಂಬ ಮಾತು ಉಂಟು. ಆದ್ದರಿಂದ ಇದು ನಮಗೆ ಹೊಸತಲ್ಲ. ತೊಂದರೆಯಾಗುವುದು ‘ಥಿಂಕ್’ ಪದಕ್ಕೆ ‘ಅನಿಸು’ ಎನ್ನದೆ ‘ವಿಚಾರ ಮಾಡು’ ಎಂದು ಅರ್ಥ ಹಚ್ಚಿದಾಗ.

‘ಥಿಂಕ್’, ‘ಬಿಲೀವ್’, ‘ಎಕ್ಸ್‌ಪೆಕ್ಟ್’, ‘ಸಪೋಸ್’ ಎಂಬ ನಾಲ್ಕು ಪದಗಳ ಹಿಂದೆ ‘ಡೋಂಟ್’ ಬಂದರೆ ಆ ‘ಇಲ್ಲ’ವನ್ನು ವಾಕ್ಯದ ಕೊನೆಗೆ ಒಯ್ದು ಓದಬೇಕು. ‘ವಿ ಡೋಂಟ್ ಎಕ್ಸ್‌ಪೆಕ್ಟ್ ದಿ ಪ್ರೈಸ್ ಟು ರೈಸ್’ ಎಂದರೆ ‘ದರ ಏರಲಿಕ್ಕಿಲ್ಲ’ ಎಂದು. ಎಲ್ಲ ಪದಗಳಿಗೂ ಈ ನಿಯಮ ಹೊಂದುವುದಿಲ್ಲ. ‘ಐ ಡೋಂಟ್ ಪ್ರಾಮಿಸ್ ದಟ್ ಇಟ್ ವಿಲ್ ಕಮ್’ ಎಂದರೆ ‘ಬರುತ್ತದೆಂದು ಮಾತು ಕೊಡುವುದಿಲ್ಲ’, ಬರಲೂಬಹುದು. ‘ಐ ಡೋಂಟ್ ನೋ ಇಫ್ ಇಟ್ ವಿಲ್ ಕಮ್’ ಎಂದರೆ ‘ಬರುತ್ತದೋ ಇಲ್ಲವೋ ಗೊತ್ತಿಲ್ಲ’. ಈ ಎರಡರಲ್ಲಿ ಮುನ್ಸೂಚನೆಯೇ ಇಲ್ಲ. ‘ಹೋಪ್’ ಪದದ ರೀತಿ ಬೇರೆ. ಅಲ್ಲಿ ನಿಷೇಧ ಹಿಂದಕ್ಕೇ ಉಳಿಯುತ್ತದೆ: ‘ಐ ಹೋಪ್ ಇಟ್ ವೋಂಟ್ ರೇನ್’, ಅಂದರೆ ಮಳೆ ಬಾರದಿರಲಿ ಎಂಬ ಆಸೆ. ಒಣದ್ರಾಕ್ಷಿಯ ಶೆಡ್ಡಿನ ಮಾಲೀಕ ಹೀಗೆ ಬರೆದರೆ ಅದು ಅವನ ಆಸೆಯೇ ಹೊರತು ಹವಾಮಾನದ ವರದಿಯಲ್ಲ.

‘ಅನ್‌ಲೈಕ್ಲಿ’, ‘ಡೌಟ್’, ‘ಮೇ ನಾಟ್’

‘ಅನ್‌ಲೈಕ್ಲಿ’ ಎಂಬ ಪದದಲ್ಲಿ ‘ನಾಟ್’ ಕಾಣುವುದಿಲ್ಲ. ನಿಷೇಧವು ಪದದೊಳಗೇ ಇದೆ. ‘ದಿ ಲಾರಿ ಈಸ್ ಅನ್‌ಲೈಕ್ಲಿ ಟು ರೀಚ್ ಟುಡೇ’ ಎಂದರೆ ‘ಲಾರಿ ಇಂದು ಮುಟ್ಟಲಿಕ್ಕಿಲ್ಲ’. ‘ಪ್ರಾಬಬ್ಲಿ ವೋಂಟ್’ ಎಂಬುದಕ್ಕೂ ಇದೇ ತೂಕ.

‘ಡೌಟ್’ ಪದವನ್ನು ನಾವು ಎರಡು ರೀತಿಯಲ್ಲಿ ಬಳಸುತ್ತೇವೆ. ಶಾಲೆಯಲ್ಲಿ ‘ನನಗೊಂದು ಡೌಟ್ ಇದೆ’ ಎಂದರೆ ಪ್ರಶ್ನೆ ಇದೆ ಎಂದರ್ಥ. ಪೇಟೆಯಲ್ಲಿ ‘ಅವ ಬರೂದು ಡೌಟ್’ ಎಂದರೆ ಬರಲಿಕ್ಕಿಲ್ಲ ಎಂದರ್ಥ. ‘ಐ ಡೌಟ್ ಇಫ್ ದಿ ಬ್ಯಾಂಕ್ ವಿಲ್ ಅಗ್ರೀ’ ಎಂಬ ಇಂಗ್ಲಿಷ್ ವಾಕ್ಯಕ್ಕೆ ಪೇಟೆಯ ಅರ್ಥವೇ ಸರಿ: ‘ಬ್ಯಾಂಕು ಒಪ್ಪಲಿಕ್ಕಿಲ್ಲ.’ ಬರೆದವರು ನಿಮಗೆ ಪ್ರಶ್ನೆ ಕೇಳುತ್ತಿಲ್ಲ.

‘ಮೇ ನಾಟ್’ ಮತ್ತು ‘ಮೈಟ್ ನಾಟ್’ ಎಂಬವು ನಮ್ಮ ಮೂರನೆಯ ರೂಪ: ‘ಬರದಿರಬಹುದು’. ಆದರೆ ‘ಮೇ ನಾಟ್’ ಎಂಬುದಕ್ಕೆ ಇನ್ನೊಂದು ಮುಖವಿದೆ. ಕರಾರುಪತ್ರದಲ್ಲಿ, ನಿಯಮಾವಳಿಯಲ್ಲಿ ಅದು ‘ಕೂಡದು’ ಎಂಬ ಅರ್ಥ ಕೊಡುತ್ತದೆ. ‘ದಿ ಗೂಡ್ಸ್ ಮೇ ನಾಟ್ ರೀಚ್ ಬಿಫೋರ್ ದಿ ಟೆಂತ್’ ಎಂದು ಸಂದೇಶದಲ್ಲಿ ಬಂದರೆ ‘ಮಾಲು ಹತ್ತನೇ ತಾರೀಖಿನೊಳಗೆ ಮುಟ್ಟದಿರಬಹುದು’ ಎಂಬ ಸೂಚನೆ. ‘ದಿ ಸೆಲ್ಲರ್ ಮೇ ನಾಟ್ ಶಿಪ್ ದಿ ಗೂಡ್ಸ್ ಇನ್ ಪಾರ್ಟ್ಸ್’ ಎಂದು ಕರಾರಿನಲ್ಲಿ ಬಂದರೆ ‘ಮಾಲನ್ನು ಭಾಗ ಭಾಗವಾಗಿ ಕಳಿಸಕೂಡದು’ ಎಂಬ ನಿರ್ಬಂಧ. ‘ಶಲ್ ನಾಟ್’ ಎಂಬುದೂ ಕರಾರಿನಲ್ಲಿ ನಿರ್ಬಂಧವೇ. ಇದನ್ನು ‘ಕಳಿಸದಿದ್ದರೂ ನಡೆದೀತು’ ಎಂದು ಓದಿಕೊಂಡವರು ಬಿಲ್ಲು ತಿರಸ್ಕೃತವಾದ ಮೇಲೆ ಎಚ್ಚರಗೊಳ್ಳಬೇಕಾಗುತ್ತದೆ.

‘ಬೈ’ ಮತ್ತು ‘ಅಂಟಿಲ್’

ನಿಷೇಧದ ವಾಕ್ಯದಲ್ಲಿ ದಿನಾಂಕದ ಹಿಂದಿನ ಚಿಕ್ಕ ಪದವೇ ದೊಡ್ಡ ಅಂತರ ತರುತ್ತದೆ. ‘ವಿಲ್ ನಾಟ್ ಬಿ ರೆಡಿ ಬೈ ಫ್ರೈಡೇ’ ಎಂದರೆ ಶುಕ್ರವಾರವೂ ಸಿದ್ಧವಿರುವುದಿಲ್ಲ. ಮುಂದೆ ಯಾವಾಗ ಎಂಬುದನ್ನು ಹೇಳಿಲ್ಲ. ‘ವಿಲ್ ನಾಟ್ ಬಿ ರೆಡಿ ಅಂಟಿಲ್ ಫ್ರೈಡೇ’ ಎಂದರೆ ಶುಕ್ರವಾರದವರೆಗೆ ಇಲ್ಲ, ಶುಕ್ರವಾರ ಸಿಗುವ ನಿರೀಕ್ಷೆಯಿದೆ. ಮೊದಲನೆಯದು ಬಂದರೆ ಹೊಸ ತಾರೀಖು ಕೇಳಬೇಕು. ಎರಡನೆಯದು ಬಂದರೆ ಶುಕ್ರವಾರಕ್ಕೆ ಲಾರಿ ಗೊತ್ತುಮಾಡಬಹುದು.

ಭಯವಿಲ್ಲದ ‘ಅಫ್ರೇಡ್’

ಇಂಗ್ಲಿಷ್ ವ್ಯವಹಾರದಲ್ಲಿ ಕೆಟ್ಟ ಸುದ್ದಿಗೆ ವಿನಯದ ಹೊದಿಕೆ ಹಾಕುವ ಪದ್ಧತಿಯಿದೆ. ‘ಐ ಆಮ್ ಅಫ್ರೇಡ್ ವಿ ವಿಲ್ ನಾಟ್ ಬಿ ಏಬಲ್ ಟು ಸಪ್ಲೈ’ ಎಂಬಲ್ಲಿ ಯಾರೂ ಅಂಜಿಲ್ಲ. ‘ಅಫ್ರೇಡ್’ ಎಂಬುದು ಅಲ್ಲಿ ‘ಕ್ಷಮಿಸಿ’ ಎಂಬಷ್ಟೇ ಅರ್ಥದ ಪೀಠಿಕೆ. ‘ಅನ್‌ಫಾರ್ಚುನೇಟ್ಲಿ’, ‘ವಿ ರಿಗ್ರೆಟ್’ ಎಂಬವೂ ಹೀಗೆಯೇ. ಈ ಹೊದಿಕೆಯನ್ನು ತೆಗೆದು ಒಳಗಿನ ಕ್ರಿಯಾಪದವನ್ನು ನೋಡಬೇಕು. ಒಳಗೆ ‘ವಿಲ್ ನಾಟ್’ ಇದ್ದರೆ ಸುದ್ದಿ ಖಚಿತ, ‘ಮೇ ನಾಟ್’ ಇದ್ದರೆ ಅನಿಶ್ಚಿತ. ವಿನಯ ಹೆಚ್ಚಿದ್ದಷ್ಟಕ್ಕೆ ನಿರ್ಧಾರ ಸಡಿಲವಾಗಿದೆ ಎಂದು ಭಾವಿಸಿ ಮತ್ತೆ ಮತ್ತೆ ಫೋನು ಮಾಡುವುದು ನಮ್ಮವರಲ್ಲಿ ಕಂಡುಬರುವ ತಪ್ಪು. ‘ರಿಗ್ರೆಟ್’ ಎಂದು ಬರೆದವರು ಹೆಚ್ಚಾಗಿ ಕಡತವನ್ನು ಮುಚ್ಚಿಯೇ ಬರೆದಿರುತ್ತಾರೆ.

‘ಹೌದು’ ಎಂಬ ಬಲೆ

‘ನಾಳೆ ಲಾರಿ ಬರುವುದಿಲ್ಲವೇ?’ ಎಂದು ಕೇಳಿದರೆ ನಾವು ‘ಹೌದು, ಬರುವುದಿಲ್ಲ’ ಎನ್ನುತ್ತೇವೆ. ಕೇಳಿದವರ ಮಾತು ನಿಜವೆಂದು ಒಪ್ಪುವ ‘ಹೌದು’ ಅದು. ಇಂಗ್ಲಿಷಿನಲ್ಲಿ ಹೀಗಿಲ್ಲ. ‘ವೋಂಟ್ ದಿ ಲಾರಿ ಕಮ್ ಟುಮಾರೋ?’ ಎಂಬ ಪ್ರಶ್ನೆಗೆ ‘ಯೆಸ್’ ಎಂದರೆ ಲಾರಿ ಬರುತ್ತದೆ ಎಂದೇ ಅರ್ಥ. ಬರುವುದಿಲ್ಲವಾದರೆ ‘ನೋ’ ಎನ್ನಬೇಕು. ನಾವು ಸೌಜನ್ಯದಿಂದ ‘ಯೆಸ್, ಯೆಸ್’ ಎಂದ ಮಾತನ್ನು ನಂಬಿ ಆ ಕಡೆಯವರು ಹಮಾಲರನ್ನು ಕರೆಸಿ ಕೂಡಿಸಿರುತ್ತಾರೆ. ಆದ್ದರಿಂದ ಬರಿಯ ‘ಯೆಸ್’ ಅಥವಾ ‘ನೋ’ ಹೇಳದೆ ಪೂರ್ಣ ವಾಕ್ಯ ಹೇಳುವುದು ಒಳ್ಳೆಯದು: ‘ನೋ, ದಿ ಲಾರಿ ವಿಲ್ ನಾಟ್ ಕಮ್ ಟುಮಾರೋ.’

ಎಷ್ಟು ಪಾಲು ಇಲ್ಲ?

‘ಬರಲಿಕ್ಕಿಲ್ಲ’ ಎಂದರೆ ನೂರಕ್ಕೆ ಎಷ್ಟು? ಈ ಪ್ರಶ್ನೆ ನಮ್ಮದು ಮಾತ್ರವಲ್ಲ. 1951ರಲ್ಲಿ ಅಮೆರಿಕದ ಗುಪ್ತಚರ ಇಲಾಖೆಯು ಯುಗೊಸ್ಲಾವಿಯಾದ ಮೇಲೆ ದಾಳಿಯಾಗುವ ‘ಗಂಭೀರ ಸಾಧ್ಯತೆ’ ಇದೆಯೆಂದು ವರದಿ ಮಾಡಿತು. ಆ ವರದಿ ಸಿದ್ಧಪಡಿಸಿದವರಲ್ಲಿ ಒಬ್ಬರಾದ ಶರ್ಮನ್ ಕೆಂಟ್ ಅವರು ಆ ಮಾತಿನ ಅರ್ಥವೇನೆಂದು ತಮ್ಮ ಸಹೋದ್ಯೋಗಿಗಳನ್ನು ವಿಚಾರಿಸಿದಾಗ, ಉತ್ತರಗಳು ನೂರಕ್ಕೆ 20ರಿಂದ 80ರವರೆಗೆ ಹರಡಿದ್ದವು. ಒಂದೇ ವಾಕ್ಯಕ್ಕೆ ಸಹಿ ಮಾಡಿದವರ ಮನಸ್ಸಿನಲ್ಲಿ ಇಷ್ಟು ಅಂತರ. ಮುಂದೆ 1964ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಪದಗಳಿಗೆ ಅಂಕಿಗಳನ್ನು ಹಚ್ಚಿದರು. ‘ಪ್ರಾಬಬ್ಲಿ ನಾಟ್’ ಎಂದರೆ ಆಗುವ ಸಂಭವ ನೂರಕ್ಕೆ ಸುಮಾರು 30, ‘ಆಲ್‌ಮೋಸ್ಟ್ ಸರ್ಟನ್ಲಿ ನಾಟ್’ ಎಂದರೆ ಸುಮಾರು 7.

ನಮ್ಮ ರೈತರೂ ವ್ಯಾಪಾರಿಗಳೂ ಕಾಯುವ ಮಳೆಯ ಮುನ್ಸೂಚನೆಯಲ್ಲಿಯೂ ಇಂಥ ಅಳತೆಯಿದೆ. ಭಾರತೀಯ ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ‘ಅನ್‌ಲೈಕ್ಲಿ’ ಎಂದರೆ ಸಂಭವ ನೂರಕ್ಕೆ 25ಕ್ಕಿಂತ ಕಡಿಮೆ. ಹವಾಮಾನ ಬದಲಾವಣೆಯನ್ನು ಅಧ್ಯಯನ ಮಾಡುವ ಅಂತರ್‌ಸರ್ಕಾರಿ ಮಂಡಳಿಯ ವರದಿಗಳಲ್ಲಿ ಅದೇ ಪದಕ್ಕೆ 33ರವರೆಗೆ ಮಿತಿಯಿದೆ. ‘ವೆರಿ ಅನ್‌ಲೈಕ್ಲಿ’ಗೆ 10ರವರೆಗೆ. ಎರಡು ಸಂಸ್ಥೆಗಳ ಅಳತೆಯೇ ಹೀಗೆ ಬೇರೆಯಾಗಿರುವಾಗ, ದೂರದ ಊರಿನ ಮ್ಯಾನೇಜರನೊಬ್ಬ ಬರೆದ ‘ಅನ್‌ಲೈಕ್ಲಿ’ಯ ತೂಕವನ್ನು ನಾವು ಊಹಿಸುವುದಕ್ಕಿಂತ ಕೇಳಿ ತಿಳಿಯುವುದೇ ಲೇಸು. ನೂರಕ್ಕೆ 25 ಸಂಭವವೆಂದರೆ ನಾಲ್ಕು ಸಲದಲ್ಲಿ ಒಂದು ಸಲ ಆ ಕೆಲಸ ಆಗಿಯೇ ತೀರೀತು. ಅಂಗಳದಲ್ಲಿ ತೊಗರಿ ಒಣಹಾಕಿದವರು ‘ರೇನ್ ಅನ್‌ಲೈಕ್ಲಿ’ ಎಂದು ಓದಿದ ಮೇಲೆಯೂ ತಾಡಪತ್ರೆಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುವುದು ಈ ಕಾರಣಕ್ಕಾಗಿ.

ಕಾನೂನಿನ ಕಣ್ಣಿನಲ್ಲಿ

ಈ ಪದಭೇದಕ್ಕೆ ನ್ಯಾಯಾಲಯದಲ್ಲಿಯೂ ಬೆಲೆಯಿದೆ. 1852ರಲ್ಲಿ ಇಂಗ್ಲೆಂಡಿನ ಡಿ ಲಾ ಟೂರ್ ಎಂಬವರು ಯೂರೋಪ್ ಪ್ರವಾಸಕ್ಕಾಗಿ ಹೊಕ್‌ಸ್ಟರ್ ಎಂಬವರನ್ನು ಜೂನ್ 1ರಿಂದ ಕೆಲಸಕ್ಕೆ ಗೊತ್ತುಮಾಡಿದ್ದರು. ಮೇ 11ರಂದು ‘ನಿಮ್ಮ ಸೇವೆ ಬೇಡ’ ಎಂದು ಬರೆದರು. ಹೊಕ್‌ಸ್ಟರ್ ಜೂನ್ ತಿಂಗಳಿಗಾಗಿ ಕಾಯದೆ ಮೇ 22ರಂದೇ ದಾವೆ ಹೂಡಿದರು. ಗಡುವು ಬರುವ ಮೊದಲೇ ದಾವೆ ಹೇಗೆ ಎಂಬ ವಾದ ಎದ್ದಿತು. 1853ರ ತೀರ್ಪು ಹೊಕ್‌ಸ್ಟರ್ ಅವರ ಪರವಾಯಿತು: ಮಾತನ್ನು ನಡೆಸುವುದಿಲ್ಲವೆಂದು ಮೊದಲೇ ಸ್ಪಷ್ಟವಾಗಿ ಹೇಳಿದರೆ, ಎದುರು ಪಕ್ಷದವನು ಗಡುವಿನವರೆಗೆ ಕಾಯಬೇಕಾಗಿಲ್ಲ.

ನಮ್ಮಲ್ಲಿ 1872ರ ಭಾರತೀಯ ಕರಾರು ಅಧಿನಿಯಮದ 39ನೆಯ ಕಲಮು, ಒಬ್ಬ ಪಕ್ಷಗಾರನು ತನ್ನ ವಚನವನ್ನು ಪೂರ್ಣವಾಗಿ ಪಾಲಿಸಲು ನಿರಾಕರಿಸಿದಾಗ ಅಥವಾ ಪಾಲಿಸಲಾರದಂತೆ ತನ್ನನ್ನು ತಾನೇ ಮಾಡಿಕೊಂಡಾಗ, ಇನ್ನೊಬ್ಬನು ಕರಾರನ್ನು ಕೊನೆಗೊಳಿಸಬಹುದೆಂದು ಹೇಳುತ್ತದೆ. ಕರಾರು ಮುಂದುವರಿಯಲೆಂದು ಅವನು ಮಾತಿನಿಂದಾಗಲಿ ನಡತೆಯಿಂದಾಗಲಿ ಸಮ್ಮತಿ ಸೂಚಿಸಿರಬಾರದು. 1930ರ ಸರಕು ಮಾರಾಟ ಅಧಿನಿಯಮದ 60ನೆಯ ಕಲಮಿನ ಪ್ರಕಾರ, ಮಾಲು ಒಪ್ಪಿಸುವ ತಾರೀಖಿಗೆ ಮೊದಲೇ ಒಬ್ಬರು ಕರಾರನ್ನು ನಿರಾಕರಿಸಿದರೆ ಇನ್ನೊಬ್ಬರಿಗೆ ಎರಡು ದಾರಿಗಳಿವೆ. ತಾರೀಖಿನವರೆಗೆ ಕಾಯಬಹುದು, ಇಲ್ಲವೆ ಕರಾರು ಮುರಿಯಿತೆಂದು ತಿಳಿದು ನಷ್ಟಪರಿಹಾರ ಕೇಳಬಹುದು.

ಇಲ್ಲಿ ನಮ್ಮ ಅಳತೆಗೋಲು ಮತ್ತೆ ಉಪಯೋಗಕ್ಕೆ ಬರುತ್ತದೆ. ‘ವಿ ವಿಲ್ ನಾಟ್ ಸಪ್ಲೈ’ ಎಂಬುದು ನಿರಾಕರಣೆ. ‘ವಿ ಮೇ ನಾಟ್ ಬಿ ಏಬಲ್ ಟು ಸಪ್ಲೈ’ ಎಂಬುದು ಬರಿಯ ಆತಂಕದ ಸೂಚನೆ. ಎರಡನೆಯದನ್ನು ಮೊದಲನೆಯದೆಂದು ಓದಿ, ಸಿಟ್ಟಿನಿಂದ ಕರಾರು ಮುರಿದು ಬೇರೆ ಕಡೆ ಮಾಲು ಕೊಂಡರೆ, ಕರಾರು ಮುರಿದ ಆರೋಪ ನಮ್ಮ ಮೇಲೆಯೇ ಬಂದೀತು. ಆದ್ದರಿಂದ ಸಂದಿಗ್ಧ ಪತ್ರ ಬಂದಾಗ ಮೊದಲು ಈ ಉತ್ತರ ಬರೆಯಿರಿ: ‘ಪ್ಲೀಸ್ ಕನ್‌ಫರ್ಮ್ ಇನ್ ರೈಟಿಂಗ್ ವೆದರ್ ಯು ವಿಲ್ ಆರ್ ವಿಲ್ ನಾಟ್ ಡೆಲಿವರ್ ಬೈ ದಿ ಟೆಂತ್.’ ಅವರ ಉತ್ತರ ಕೈಸೇರಿದ ಮೇಲೆ ವಕೀಲರನ್ನು ಕಾಣಬಹುದು.

ನಾವು ಬರೆಯುವಾಗ

ಓದುವಷ್ಟೇ ಜಾಗ್ರತೆ ಬರೆಯುವಾಗಲೂ ಇರಬೇಕು. ನಾಲ್ಕು ಸೂತ್ರಗಳನ್ನು ನೆನಪಿಡಿರಿ.

1. ಮೊದಲು ಕನ್ನಡದಲ್ಲಿ ನಿರ್ಧರಿಸಿ: ಕಳಿಸುವುದಿಲ್ಲವೋ, ಕಳಿಸಲಿಕ್ಕಿಲ್ಲವೋ, ಕಳಿಸಲಾರೆವೋ, ಕಳಿಸಲೊಲ್ಲೆವೋ? ಆ ಬಳಿಕ ಕ್ರಮವಾಗಿ ‘ವಿಲ್ ನಾಟ್’, ‘ಆರ್ ಅನ್‌ಲೈಕ್ಲಿ ಟು’, ‘ವಿಲ್ ನಾಟ್ ಬಿ ಏಬಲ್ ಟು’, ‘ಆರ್ ನಾಟ್ ವಿಲಿಂಗ್ ಟು’ ಎಂಬುದನ್ನು ಆರಿಸಿಕೊಳ್ಳಿ.

2. ಆಗದ ಕೆಲಸಕ್ಕೆ ‘ವಿ ವಿಲ್ ಟ್ರೈ’ ಎಂದು ಬರೆಯಬೇಡಿ. ನಮ್ಮಲ್ಲಿ ‘ನೋಡೋಣ’ ಎಂಬುದು ಮೆಲುವಾದ ‘ಇಲ್ಲ’. ದೂರದವನು ಅದನ್ನು ಅರ್ಧ ‘ಹೌದು’ ಎಂದು ಎಣಿಸುತ್ತಾನೆ.

3. ‘ಇಲ್ಲ’ದ ಜೊತೆಗೆ ತಾರೀಖನ್ನೂ ಕಾರಣವನ್ನೂ ಕೊಡಿ. ಹತ್ತಕ್ಕೆ ಇಲ್ಲವಾದರೆ ಯಾವಾಗ ಎಂಬುದು ಅವರ ಮುಂದಿನ ಪ್ರಶ್ನೆಯಾಗಿರುತ್ತದೆ.

4. ಕೆಟ್ಟ ಸುದ್ದಿಯನ್ನು ಪತ್ರದ ಮೊದಲ ಎರಡು ಸಾಲಿನೊಳಗೆ ಹೇಳಿ. ಕ್ಷೇಮ ಸಮಾಚಾರದ ಕೆಳಗೆ ಅಡಗಿದ ‘ಇಲ್ಲ’ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಭ್ಯಾಸ

ಕೆಳಗಿನ ವಾಕ್ಯಗಳು ನಮ್ಮ ಯಾವ ರೂಪಕ್ಕೆ ಹೊಂದುತ್ತವೆ ಎಂಬುದನ್ನು ಉತ್ತರ ನೋಡದೆ ಹೇಳಿರಿ.

ಅ) ದಿ ಪ್ರೈಸ್ ಆಫ್ ಕಾಟನ್ ಈಸ್ ನಾಟ್ ಲೈಕ್ಲಿ ಟು ರೈಸ್ ದಿಸ್ ಮಂತ್.

ಆ) ವಿ ರಿಗ್ರೆಟ್ ದಟ್ ವಿ ವಿಲ್ ನಾಟ್ ಬಿ ರಿನ್ಯೂಯಿಂಗ್ ದಿ ಆರ್ಡರ್.

ಇ) ದಿ ಸ್ಪೇರ್ ಪಾರ್ಟ್ಸ್ ವೋಂಟ್ ಅರೈವ್ ಅಂಟಿಲ್ ಮಂಡೇ.

ಈ) ಅವರ್ ಅಕೌಂಟ್ಸ್ ಸೆಕ್ಷನ್ ಮೇ ನಾಟ್ ರಿಲೀಸ್ ದಿ ಪೇಮೆಂಟ್ ದಿಸ್ ವೀಕ್.

ಉ) ಐ ಡೋಂಟ್ ಸಪೋಸ್ ದಿ ಮಿಲ್ ವಿಲ್ ಟೇಕ್ ಮೋರ್ ತೂರ್.

ಉತ್ತರಗಳು:

ಅ) ಹತ್ತಿಯ ದರ ಈ ತಿಂಗಳು ಏರಲಿಕ್ಕಿಲ್ಲ. ದಾಸ್ತಾನು ಇಡುವವರು ಬಡ್ಡಿಯ ಲೆಕ್ಕ ಹಾಕಿ ನಿರ್ಧರಿಸಬೇಕು.

ಆ) ಆರ್ಡರನ್ನು ಮುಂದುವರಿಸುವುದಿಲ್ಲ. ವಿನಯ ಹೊರಗೆ, ಖಚಿತ ನಿರ್ಧಾರ ಒಳಗೆ. ಹೊಸ ಗಿರಾಕಿಯನ್ನು ಹುಡುಕಿರಿ.

ಇ) ಬಿಡಿಭಾಗಗಳು ಸೋಮವಾರದವರೆಗೆ ಬರುವುದಿಲ್ಲ, ಸೋಮವಾರ ಬರುವ ನಿರೀಕ್ಷೆಯಿದೆ. ಫಿಟರನನ್ನು ಅಂದಿಗೆ ಕರೆಯಬಹುದು.

ಈ) ಹಣ ಈ ವಾರ ಬಿಡುಗಡೆಯಾಗದಿರಬಹುದು. ಇದು ನಿರಾಕರಣೆಯಲ್ಲ, ಆದರೆ ನೆನಪಿನ ಪತ್ರ ಬರೆಯಲು ತಕ್ಕ ಸಮಯ. ಉದ್ಯಮ ನೋಂದಣಿ ಹೊಂದಿದ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ 2006ರ ಅಧಿನಿಯಮದ ರಕ್ಷಣೆಯಿದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಖರೀದಿದಾರನು ಮಾಲು ಸ್ವೀಕರಿಸಿದ 45 ದಿನಗಳೊಳಗೆ ಹಣ ಕೊಡಬೇಕು.

ಉ) ಮಿಲ್ಲಿನವರು ಇನ್ನಷ್ಟು ತೊಗರಿ ಕೊಳ್ಳಲಿಕ್ಕಿಲ್ಲ. ‘ಸಪೋಸ್’ ಹಿಂದಿನ ‘ಡೋಂಟ್’ ಅನ್ನು ಕೊನೆಗೆ ಒಯ್ದು ಓದಿದರೆ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ.

ಐದಕ್ಕೆ ಐದೂ ಸರಿಯಾದವರು ಈ ಪುಟವನ್ನು ಅಂಗಡಿಯ ಗುಮಾಸ್ತನಿಗೆ ಕೊಡಬೇಕಾಗಿ ವಿನಂತಿ. ಪತ್ರಗಳನ್ನು ಮೊದಲು ತೆರೆಯುವವನು ಅವನೇ. ತಪ್ಪಿದವರು ಬೇಸರಪಡಬೇಕಾಗಿಲ್ಲ. ಮುಂದಿನ ಇಂಗ್ಲಿಷ್ ಪತ್ರ ಬಂದಾಗ ಅದನ್ನು ಗಟ್ಟಿಯಾಗಿ ಓದಿ, ‘ಇದು ಬರುವುದಿಲ್ಲವೋ, ಬರಲಿಕ್ಕಿಲ್ಲವೋ?’ ಎಂದು ಒಮ್ಮೆ ಕೇಳಿಕೊಂಡು, ಆಮೇಲೆ ಲಾರಿಗೆ ಮಾಲು ಹೇರಿಸಿದರೆ ಸಾಕು.